ಕಾಟಾ ಸಾಲಿನ ಸಿನಿಮಾ ಓಟು

ಉಗಾರ ಖುರ್ದದ ಸಕ್ಕರೆ ಕಾರ್ಖಾನೆಯ ಹೊರಗೆ ಕಬ್ಬಿನ ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಂತಿವೆ. ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಕೃಷ್ಣೆಯ ಕಡೆಯಿಂದ ಬರುವ ಚಳಿಗಾಳಿಗೆ ಚಾಲಕರು ತಲೆತುಂಬ ಟವೆಲ್ ಸುತ್ತಿಕೊಂಡು, ಕೆಲವರು ಸೀಟಿನ ಮೇಲೆ ಮುದುಡಿ, ಕೆಲವರು ಟ್ರೇಲರಿನ ಕೆಳಗೆ ಕಂಬಳಿ ಹಾಸಿ ಮಲಗಿದ್ದಾರೆ. ಸಾಲಿನ ಬಾಲದ ಕಡೆ ಒಬ್ಬರು ಮಾತ್ರ ಸ್ಟೇರಿಂಗಿಗೆ ಮೊಣಕೈ ಊರಿಕೊಂಡು ತಮ್ಮಷ್ಟಕ್ಕೆ ನಗುತ್ತಿದ್ದಾರೆ. ಪಕ್ಕದಲ್ಲಿ ಯಾರೂ ಇಲ್ಲ. ಗೊತ್ತಿಲ್ಲದವರು ನೋಡಿದರೆ ಪಾಪ, ನಿದ್ದೆಗೆಟ್ಟು ತಲೆ ಕೆಟ್ಟಿದೆ ಎಂದುಕೊಂಡಾರು.

ಅವರ ಎಡಗಿವಿಯಲ್ಲಿ ಇಯರ್‌ಫೋನ್ ಇದೆ, ಬಲಗಿವಿ ಖಾಲಿ. ಅದು ಮರೆವಲ್ಲ, ಪದ್ಧತಿ. "ಎಡಗಿವಿ ಪಿಚ್ಚರಕ್ಕ, ಬಲಗಿವಿ ಲೈನಿಗೆ. ಮುಂದಿನ ಗಾಡಿ ಸರದಿದ್ದ ಗೊತ್ತಾಗಲಿಲ್ಲಂದ್ರ ಹಿಂದಿನಾವ್ರು ನನ್ನ ಸುಮ್ನ ಬಿಡಂಗಿಲ್ರಿ" ಎನ್ನುತ್ತಾರೆ ಭರಮು ಪೂಜೇರಿ.

ಫೋನಿನಲ್ಲಿ ಅಥಣಿ ತಾಲ್ಲೂಕಿನ ಅನಂತಪುರದ ಹೆಣ್ಣುಮಗಳೊಬ್ಬಳ ದನಿ. ಸಿನಿಮಾದ ಒಂದು ಸೀನು ಹೇಳುತ್ತಿದ್ದಾಳೆ. "ಆಂವ ಛತ್ರಿ ಹಿಡದ ನಿಂತಿರತಾನ್ರಿ. ಮಳಿ ಇಲ್ಲ, ಬಿಸಲಿಲ್ಲ. ಯಾಕ್ರಿ ಛತ್ರಿ ಅಂತ ಆಕಿ ಕೇಳತಾಳ. ನಿಮ್ಮಪ್ಪ ನೋಡಾಕತ್ತಾನ, ಮಾರಿ ಮುಚ್ಚಕೊಳ್ಳಾಕ ಅಂತಾನ್ರಿ... ಹೇಯ್! ಅದರಾಗ ಬಾಯಿ ಹಾಕಬ್ಯಾಡ, ನಿನ್ನ ಸುಡ್ಲಿ!"

ಭರಮು ಕಣ್ಣೊರೆಸಿಕೊಂಡು ನಗುತ್ತಾರೆ. "ಕಡೀದ್ದು ಎಮ್ಮಿಗಿ ಬೈದದ್ರಿ, ಪಿಚ್ಚರದಾಗಿಲ್ಲ." ಆಮೇಲೆ ಅಂಗಿ ಜೇಬಿನಿಂದ ಸುಣ್ಣದ ಕಡ್ಡಿ ತೆಗೆದು, ಬಾಗಿ, ಟ್ರ್ಯಾಕ್ಟರಿನ ಮಡ್‌ಗಾರ್ಡಿನ ಮೇಲೆ ಗೀರೊಂದು ಎಳೆಯುತ್ತಾರೆ. ಅಲ್ಲಿ ಮಕ್ಕಳು ಬರೆದಂಥ ಚಿತ್ರಗಳ ಸಾಲೇ ಇದೆ: ಒಂದು ಛತ್ರಿ, ಒಂದು ಹಗ್ಗದ ಹೊರಸು, ಒಂದು ಬಾಗಿಲು. ಒಂದೊಂದು ಚಿತ್ರದ ಕೆಳಗೆ ಬಿಳಿ ಗೀರುಗಳು. ಛತ್ರಿಯ ಕೆಳಗೆ ಜಾಗ ಸಾಲದೆ ಗೀರುಗಳು ಚಕ್ರದ ಕಡೆಗೆ ಇಳಿದಿವೆ.

ಇದು ಮತ ಎಣಿಕೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳಲ್ಲಿ ಹರಡಿಕೊಂಡಿರುವ 'ಕಾಟಾ ಲೈನ್ ಟಾಕೀಸ್' ಎಂಬ ವಾಟ್ಸ್‌ಆ್ಯಪ್ ಗುಂಪು ವರ್ಷದ ಅತ್ಯುತ್ತಮ ಸಿನಿಮಾ ಆರಿಸುವ ರೀತಿ. ಅದರ ಚುನಾವಣಾ ಅಧಿಕಾರಿ, ಮತಗಟ್ಟೆ, ಎಣಿಕೆ ಕೇಂದ್ರ ಎಲ್ಲವೂ ಈ ಭರಮು ಅವರೇ.

ಕಬ್ಬು ತುಂಬಿದ ಗಾಡಿ ತೂಕದ ಕಾಟಾದ ಮೇಲೆ ಏರುವವರೆಗೆ ಸಾಲಿನಲ್ಲಿ ನಿಲ್ಲುವುದು ಇಲ್ಲಿಯ ಚಾಲಕರ ಅರ್ಧ ಬಾಳು. ಹತ್ತಡಿ ಸರಿ, ನಿಲ್ಲು. ಮತ್ತೆ ಹತ್ತಡಿ ಸರಿ, ನಿಲ್ಲು. ಮೊದಲೆಲ್ಲ ಇಸ್ಪೀಟು ಆಡುತ್ತಿದ್ದರು. ಫೋನು ಬಂದ ಮೇಲೆ ಸಿನಿಮಾ ನೋಡತೊಡಗಿದರು. ನೋಡಿದ್ದನ್ನು ಹಿಂದಿನ ಗಾಡಿಯವನಿಗೆ ಹೇಳಿದರು, ಅವನು ತನ್ನ ಹಿಂದಿನವನಿಗೆ. ಹೀಗೆ ಒಂದು ಗುಂಪಾಯಿತು. ಚಾಲಕರ ಹೆಂಡಂದಿರು ಬಂದರು, ಕಬ್ಬಿನ ಹೊಲದವರು ಬಂದರು, ನಿಪ್ಪಾಣಿಯ ಹೊಲಿಗೆ ಅಂಗಡಿಯ ಹೆಣ್ಣುಮಕ್ಕಳು ಬಂದರು. ಕನ್ನಡ, ಮರಾಠಿ, ಯಾವ ಭಾಷೆಯ ಸಿನಿಮಾ ಆದರೂ ನಡೆಯುತ್ತದೆ. ಈ ಭಾಗದಲ್ಲಿ ಒಂದೇ ಮನೆಯ ಅಡುಗೆಮನೆಯಲ್ಲಿ ಒಂದು ಭಾಷೆ, ಪಡಸಾಲೆಯಲ್ಲಿ ಇನ್ನೊಂದು ನಡೆಯುವುದು ಹೊಸದೇನಲ್ಲ.

ಇವರ ವರ್ಷ ಜನವರಿಯಲ್ಲಿ ಶುರುವಾಗುವುದಿಲ್ಲ. ಒಂದು ಕಬ್ಬಿನ ಹಂಗಾಮು ಮುಗಿದಲ್ಲಿಂದ ಮುಂದಿನ ಹಂಗಾಮು ಮುಗಿಯುವವರೆಗೆ ಒಂದು ವರ್ಷ. ಆ ಅವಧಿಯಲ್ಲಿ ನೀವು ಯಾವ ಸಿನಿಮಾ ನೋಡಿದ್ದೀರೋ ಅದಕ್ಕೆ ಓಟು ಹಾಕಬಹುದು, ಅದು ಯಾವಾಗ ಬಿಡುಗಡೆಯಾಗಿದ್ದರೂ ಸರಿ. ಹಂಗಾಮಿನ ಕೊನೆಯ ದಿನ ಕಾರ್ಖಾನೆಯ ಮಧ್ಯಾಹ್ನದ ಸೈರನ್, ಇಲ್ಲಿಯವರ ಬಾಯಲ್ಲಿ ಭೋಂಗಾ, ಕೂಗಿದರೆ ಮತದಾನ ಬಂದ್. ಅಂದು ಸಂಜೆ ಖಾಲಿ ಟ್ರೇಲರಿಗೆ ಬಿಳಿ ಬಟ್ಟೆ ಕಟ್ಟಿ ಗೆದ್ದ ಸಿನಿಮಾವನ್ನು ಎಲ್ಲರೂ ಕೂಡಿ ನೋಡುತ್ತಾರೆ. ಆ ಸಿನಿಮಾ ಮಾಡಿದವರಿಗೆ ಒಂದು ಪೆಂಟಿ, ಅಂದರೆ ದೊಡ್ಡ ಅಚ್ಚು, ಬೆಲ್ಲ ಪಾರ್ಸಲ್ ಹೋಗುತ್ತದೆ. ಅದೇ ಪ್ರಶಸ್ತಿ. ಇಲ್ಲಿಯವರೆಗೆ ಬೆಲ್ಲ ಮುಟ್ಟಿತೆಂದು ಯಾರೂ ತಿಳಿಸಿಲ್ಲ. "ದೊಡ್ಡ ಮಂದಿ, ಕೆಲಸ ಇರತಾವ. ತಿಂದಿದ್ರ ಸಾಕು. ಇರುವಿ ತಿಂದ್ವಂದ್ರ ಮಾತ್ರ ಸಂಕಟ" ಎನ್ನುತ್ತಾರೆ ಭರಮು.

ಓಟಿಗೆ ಸೀನು ಹೇಳಬೇಕೆಂಬ ನಿಯಮಕ್ಕೂ ಒಂದು ಕಥೆ ಇದೆ. ಮೊದಲ ವರ್ಷ ಫೋನಿನ ಗುಂಡಿ ಒತ್ತಿಸಿಯೇ ಓಟು ತೆಗೆದುಕೊಂಡಿದ್ದರು. ನಾಯಕನಟರ ಅಭಿಮಾನಿಗಳು ಅತ್ತೆ, ಮಾವ, ಭಾವಮೈದುನ ಎಲ್ಲರ ಫೋನು ಕಸಿದು ಒತ್ತಿದ್ದೇ ಒತ್ತಿದ್ದು. ಫಲಿತಾಂಶ ಬಂದಾಗ ಇನ್ನೂ ಬಿಡುಗಡೆಯೇ ಆಗದ ಸಿನಿಮಾವೊಂದು ವರ್ಷದ ಅತ್ಯುತ್ತಮ ಚಿತ್ರವಾಗಿ ಕೂತಿತ್ತು. ಸಂಜೆ ಬಟ್ಟೆ ಕಟ್ಟಿದ್ದೂ ಆಯಿತು, ಜನ ಕೂತದ್ದೂ ಆಯಿತು, ತೋರಿಸಲು ಸಿನಿಮಾ ಇಲ್ಲ. ಆಗ ಎದ್ದು ನಿಂತವರು ಭರಮು. "ಗುಂಡಿ ಒತ್ತೂದು ಬ್ಯಾಡ್ರಿ. ನೋಡಿದಾಂವ ಒಂದ ಸೀನ್ ಹೇಳ್ಲಿ, ತನ್ನ ಬಾಯಿಲೆ. ಸೀನ್ ಹೇಳಾಕ ಬಂತಂದ್ರ ಓಟ" ಎಂದರು. ಹೇಳಿದವರ ಕೊರಳಿಗೇ ಕೆಲಸ ಬಿತ್ತು. ಅಭಿಮಾನಿಗಳ ಜಗಳ ಬೇಡವೆಂದು ಓಟುಗಳು ಗುಂಪಿಗೆ ಬಾರದೆ ನೇರ ಅವರ ಫೋನಿಗೇ ಬರುತ್ತವೆ. ಎಣಿಸುವವನು ತಾನು ಓಟು ಹಾಕುವಂತಿಲ್ಲ ಎಂಬ ಇನ್ನೊಂದು ನಿಯಮವನ್ನೂ ಅವರೇ ಮಾಡಿ ತಮ್ಮ ಕೈ ತಾವೇ ಕಟ್ಟಿಕೊಂಡರು.

ಭರಮು ಅವರದು ರಾಯಬಾಗ ತಾಲ್ಲೂಕಿನ ಅಲಖನೂರ. ಕುರಿ ಕಾಯುವ ಮನೆತನ. ಈಗ ಒಂದಿಷ್ಟು ಹೊಲ, ಹೆಂಡತಿ ಮಾಯಾ ನೋಡಿಕೊಳ್ಳುವ ಕೆಲವು ಕುರಿಗಳು. ಹಂಗಾಮಿನಲ್ಲಿ ಇವರು ಊರಿನ ಕಬ್ಬಿನ ಸಾವಕಾರ ಮುರಗೆಪ್ಪನವರ ಟ್ರ್ಯಾಕ್ಟರ್ ಹೊಡೆಯುತ್ತಾರೆ. ಚಿಕ್ಕವರಿದ್ದಾಗ ಅಪ್ಪನ ಹಿಂದೆ ಕುರಿಹಿಂಡಿನ ಜತೆ ಊರೂರು ಅಲೆದವರು. ಹಿಂಡು ಯಾವುದಾದರೂ ಪೇಟೆಯ ಹತ್ತಿರ ತಂಗಿದರೆ ಅಪ್ಪ ಒಬ್ಬನೇ ಟಾಕೀಸಿಗೆ ಹೋಗಿ ಬರುತ್ತಿದ್ದ. ಎಲ್ಲರೂ ಹೋದರೆ ಕುರಿ ನೋಡುವವರಾರು? ಬಂದವನು ಮರುದಿನದಿಂದ ನಡೆಯುತ್ತ ನಡೆಯುತ್ತ ಆ ಸಿನಿಮಾ ಹೇಳುತ್ತಿದ್ದ. ಒಂದು ಸಿನಿಮಾ ಎರಡು ಮೂರು ಊರು ದಾಟುವವರೆಗೆ ಬರುತ್ತಿತ್ತು.

"ಅಪ್ಪ ಹೇಳಿದ್ದ ಒಂದ ಪಿಚ್ಚರ ದೊಡ್ಡಾಂವ ಆದ ಮ್ಯಾಲ ಟಾಕೀಸನ್ಯಾಗ ನೋಡಿದ್ನಿ. ಏನ್ ಹೇಳ್ಲಿ ನಿಮಗ, ಅಪ್ಪ ಹೇಳಿದ್ದ ಛಲೋ ಇತ್ತ್ರಿ" ಎನ್ನುವಾಗ ಭರಮು ಅವರ ಮುಖ ನೋಡಬೇಕು. ಮಾಯಾ ಅವರ ಪ್ರಕಾರ ಗಂಡನ ಹುಚ್ಚಿನ ಮೂಲ ಇಲ್ಲಿದೆ. "ಇವರಿಗಿ ಪಿಚ್ಚರ ನೋಡೂದಕ್ಕಿಂತ ಕೇಳೂದ ಭಾಳ ಸೇರತೈತ್ರಿ. ಮನ್ಯಾಗ ನಾ ಹೇಳಿದ್ದ ಮಾತ್ರ ಕೇಳಸಂಗಿಲ್ಲ" ಎಂದು ಅವರು ಫೋನಿನಲ್ಲಿ ದೂರು ಕೊಡುತ್ತಾರೆ.

ಕೇಳುವುದು ಸುಲಭದ ಕೆಲಸವೆಂದು ತಿಳಿಯಬೇಡಿ. ಗುಂಪಿನಲ್ಲಿ ಮುನ್ನೂರರ ಹತ್ತಿರ ಜನ ಇದ್ದಾರೆ. ಸೀನು ಹೇಳಿ ಎಂದರೆ ಪೂರ್ತಿ ಸಿನಿಮಾ ಹೇಳುವವರು, ನಡುವೆ ಅಳುವವರು, ಹಾಡು ಹಾಡುವವರು, ಕ್ಲೈಮ್ಯಾಕ್ಸ್ ಬದಲಾಯಿಸಿ ತಮಗೆ ಬೇಕಾದ ಹಾಗೆ ಮುಗಿಸುವವರು ಎಲ್ಲರೂ ಉಂಟು. ಎಲ್ಲವನ್ನೂ ಕೊನೆಯವರೆಗೆ ಕೇಳುತ್ತಾರೆ. ಇದಕ್ಕೆ ಸಂಬಳವಿಲ್ಲ, ಸನ್ಮಾನವಿಲ್ಲ. ಸೊಂಟ ನೋವು ಮಾತ್ರ ಉಂಟು. ಮುರಗೆಪ್ಪನವರಿಂದ ಬೈಗುಳವೂ ಸಿಗುತ್ತದೆ. "ಲೇ ಭರಮು, ಗಾಡಿಗಿ ಪೂಜಿ ಮಾಡಿ ಸ್ವಸ್ತಿಕ ಬರಸೀನಿ, ನೀ ಅದರ ಬಾಜೂಕ ಹೊರಸ ಬರದೀಯಲ್ಲೋ" ಎಂದು ಗದರಿದ ಸಾವಕಾರರು, ಮರುದಿನ ಹೊರಸಿನ ಸಿನಿಮಾಕ್ಕೇ ಓಟು ಕಳಿಸಿದರು.

ಮತ್ತೆ ಯಾಕೆ ಇದನ್ನೆಲ್ಲ ಮಾಡುವುದು ಎಂದರೆ ಭರಮು ಸಾಲಿನ ಕಡೆಗೆ ಕೈ ತೋರಿಸುತ್ತಾರೆ. "ಹಂಗಾಮ ಅಂದ್ರ ಟ್ರ್ಯಾಕ್ಟರ ಮ್ಯಾಲಿನ ಬಾಳೆವ್ರಿ. ಮನಿ ದೂರ. ಮುಂದ ನೋಡಿದ್ರ ಕಬ್ಬ, ಹಿಂದ ನೋಡಿದ್ರ ಕಬ್ಬ. ಈ ದನಿಗೋಳ ಇಲ್ಲಂದ್ರ ನನಗ ಹುಚ್ಚ ಹಿಡೀತಿತ್ತು. ಯಾವ ಊರಿನ ಯಾರೋ ಮುಂಜಾನೆದ್ದ ನನ್ನ ಕಿವ್ಯಾಗ ಬಂದ ಕುಂತ ಮಾತಾಡತಾರಂದ್ರ, ಅದೇನ ಸಣ್ಣದೇನ್ರಿ?"

ಆ ದನಿಗಳಲ್ಲಿ ಅರ್ಧಕ್ಕರ್ಧ ಹೋದ ವರ್ಷ ನಿಂತುಹೋದವು. ತಪ್ಪು ಭರಮು ಅವರದೇ.

ಈ ಗುಂಪಿನಲ್ಲಿ ಯಾರೂ ಸಿನಿಮಾವನ್ನು ಅದರ ಹೆಸರಿನಿಂದ ಕರೆಯುವುದಿಲ್ಲ. ಯಾವ ಸೀನು ಮನಸ್ಸಿಗೆ ಹಿಡಿಯಿತೋ ಅದೇ ಅದರ ಹೆಸರು. ಭರಮು ಆ ಹೆಸರಿನ ಚಿತ್ರ ಬರೆದು ಗೀರು ಹಾಕುತ್ತಾರೆ. ಹೋದ ವರ್ಷ ನಿಪ್ಪಾಣಿ ಕಡೆಯ ಹೆಣ್ಣುಮಕ್ಕಳೆಲ್ಲ ಒಂದೇ ಸಮನೆ 'ಕೋಳಿ ಪಿಚ್ಚರ' ಎಂದು ಓಟು ಹಾಕಿದರು. ಮುದುಕಿಯೊಬ್ಬಳು ಬಗಲಲ್ಲಿ ಕೋಳಿ ಇಟ್ಟುಕೊಂಡು ಬಸ್ಸು ಹತ್ತುತ್ತಾಳೆ. ಕಂಡಕ್ಟರು ಕೋಳಿಗೂ ಟಿಕೆಟ್ ತೆಗೆಸು ಎನ್ನುತ್ತಾನೆ. ಅದು ಸೀಟು ಕೇಳುವುದಿಲ್ಲ, ನಿಂತುಕೊಂಡೇ ಬರುತ್ತದೆ ಎನ್ನುತ್ತಾಳೆ ಮುದುಕಿ. ಅತ್ತ ಅಥಣಿ, ಕಾಗವಾಡ ಕಡೆಯವರು 'ರೇಡಿಯೋ ಪಿಚ್ಚರ' ಎಂದರು. ಸತ್ತ ಗಂಡನ ಹಳೆಯ ರೇಡಿಯೋವನ್ನು ಮುದುಕಿಯೊಬ್ಬಳು ರಿಪೇರಿಗೆ ತರುತ್ತಾಳೆ. ಅದು ರಿಪೇರಿಯಾಗುವ ಮಾಲಲ್ಲ. ರಿಪೇರಿಯವನು ಏನೂ ಹೇಳದೆ, ಆ ಡಬ್ಬಿಯ ಒಳಗೆ ತನ್ನದೇ ಸಣ್ಣ ರೇಡಿಯೋ ಇಟ್ಟು ಮುಚ್ಚಿಕೊಡುತ್ತಾನೆ.

ಭರಮು ಒಂದು ಕಡೆ ಕೋಳಿ ಬರೆದರು, ಪಕ್ಕದಲ್ಲಿ ರೇಡಿಯೋ ಬರೆದರು. ಹಂಗಾಮಿಡೀ ಎರಡೂ ಮಡ್‌ಗಾರ್ಡಿನ ಮೇಲೆ ಅಕ್ಕಪಕ್ಕದಲ್ಲೇ ಇದ್ದವು. ಎಣಿಸಿದಾಗ ರೇಡಿಯೋ ಎರಡನೆಯದು, ಕೋಳಿ ಮೂರನೆಯದು. ನಾಯಕ ಕ್ರೇನಿಗೆ ಜೋತುಬಿದ್ದು ಒಂದು ದಂಡಿನಷ್ಟು ಜನರನ್ನು ಒದೆಯುವ ಸಿನಿಮಾ ಗೆದ್ದಿತು. ಬೆಲ್ಲ ಮಧ್ಯಾಹ್ನವೇ ಪಾರ್ಸಲ್ ಹೋಯಿತು.

ಸಂಜೆ ಬಟ್ಟೆಯ ಮುಂದೆ ಎಲ್ಲರೂ ಸೇರಿದಾಗ, ಸೋತ ಸಿನಿಮಾಗಳ ಸೀನನ್ನೂ ಒಬ್ಬೊಬ್ಬರು ಎದ್ದು ಹೇಳುವ ರೂಢಿ. ನಿಪ್ಪಾಣಿಯ ಸೀಮಾ ಎದ್ದು ಕೋಳಿಯ ಸೀನು ಹೇಳಿ ಎಲ್ಲರನ್ನೂ ನಗಿಸಿದರು. ಆಮೇಲೆ ಕಾಗವಾಡದ ಚಾಲಕ ಜಿನ್ನಪ್ಪ ರೇಡಿಯೋದ ಸೀನು ಶುರು ಮಾಡಿದರು. "ರಿಪೇರಿಯಾಂವ ರೊಕ್ಕ ಕೇಳತಾನ. ಮುದುಕಿ ಕಡೆ ಏನಿರತೈತಿ? ಬಗಲಾಗಿನ ಕೋಳಿ ತಗದ ಟೇಬಲ್ ಮ್ಯಾಲ ಇಡತಾಳ..." ಎಂದವರು ತಮ್ಮ ಮಾತು ತಮಗೇ ಕೇಳಿಸಿದಂತಾಗಿ ನಿಂತುಬಿಟ್ಟರು. ಎರಡೂ ಒಂದೇ ಸಿನಿಮಾ. ಅದೇ ಮುದುಕಿ, ಅದೇ ಕೋಳಿ. ನಿಪ್ಪಾಣಿಯವರು ಮರಾಠಿ ಮೂಲವನ್ನು ನೋಡಿದ್ದರು, ಅಥಣಿ, ಕಾಗವಾಡದವರು ಕನ್ನಡದ ಡಬ್ಬಿಂಗ್ ನೋಡಿದ್ದರು. ಡಬ್ಬಿಂಗಿನಲ್ಲಿ ಕಂಡಕ್ಟರನ ತಮಾಷೆ ಸಪ್ಪೆಯಾಗಿದ್ದರಿಂದ ಈ ಕಡೆ ಬಸ್ಸಿನ ಸೀನು ಯಾರ ನೆನಪಿನಲ್ಲೂ ನಿಂತಿರಲಿಲ್ಲ. ರೇಡಿಯೋದ ಸೀನಿನಲ್ಲಿ ಮಾತು ಕಡಿಮೆಯಾದ್ದರಿಂದ ಅದೊಂದು ನಿಂತಿತ್ತು. ಎರಡೂ ಗೀರುಗಳನ್ನು ಕೂಡಿಸಿದ್ದರೆ ಕ್ರೇನು ಬಹಳ ಹಿಂದೆ ಬೀಳುತ್ತಿತ್ತು.

"ನಾ ಆ ಪಿಚ್ಚರ ನೋಡಿರಲಿಲ್ರಿ" ಎಂದು ಭರಮು ತಲೆ ಕೆರೆದುಕೊಳ್ಳುತ್ತಾರೆ. "ಎಲ್ಲಾರದೂ ಕೇಳಕೋತ ಕುಂತ್ರ ನೋಡಾಕ ಯಾಳೆ ಎಲ್ಲೈತಿ? ಮುದುಕಿ ಎರಡೂ ಕಡೆ ಅದಾಳ ಅಂತ ಗೊತ್ತಿತ್ತು. ಪಿಚ್ಚರದಾಗ ಮುದುಕೇರಿಗೇನ ಬರಾ ಐತೇನ್ರಿ ಅನಕೊಂಡ್ನಿ."

ಸೀಮಾ ನಿಪ್ಪಾಣಿಯಲ್ಲಿ ಬ್ಲೌಸು ಹೊಲಿಯುವ ಸಣ್ಣ ಅಂಗಡಿ ಇಟ್ಟವರು. ಮನೆಮಾತು ಮರಾಠಿ. ಅವರ ಅಂಗಡಿಯ ಮೂಲೆಯಲ್ಲಿ ಫೋನು ಒರಗಿಸಿಟ್ಟು, ಹೆಣ್ಣುಮಕ್ಕಳು ಕಾಜಾ ಹಾಕುತ್ತ, ಗುಂಡಿ ಹಚ್ಚುತ್ತ ಒಂದು ಸಿನಿಮಾವನ್ನು ವಾರಗಟ್ಟಲೆ ತುಂಡು ತುಂಡಾಗಿ ನೋಡುತ್ತಾರೆ. ಆ ಸಂಜೆ ಅವರು ಸಿಟ್ಟಿನಲ್ಲಿ ಕೂಗಾಡಲಿಲ್ಲ. "ನಮ್ಮ ಬಾಯಕಾ, ಈ ಹೆಣ್ಣಮಕ್ಕಳು, ಹುಟ್ಟಿದಾಗಿಂದ ಇದ ಮೊದಲ ಸಲ, ತಮಗ ಯಾವುದ ಛಲೋ ಅನಸ್ತು ಅಂತ ಬಾಯಿಬಿಟ್ಟ ಹೇಳಿದ್ದು. ಅಡಗಿ ಯಾವುದ ಮಾಡ್ಲಿ ಅಂತಸುದ್ದಾ ಯಾರೂ ಅವರನ್ನ ಕೇಳಿಲ್ಲ. ಅವರ ಮುದುಕಿನ್ನ ನೀವು ಎರಡ ತುಂಡ ಮಾಡಿ ಇಟ್ರಿ ದಾದಾ" ಎಂದರು. ಅಷ್ಟೇ. ಕ್ರೇನಿನ ಸಿನಿಮಾ ಅರ್ಧವಾಗುವ ಮೊದಲೇ ನಿಪ್ಪಾಣಿಯವರು ಎದ್ದು ಹೋಗಿದ್ದರು. ಮರುದಿನ ಅವರೆಲ್ಲ ಗುಂಪನ್ನೂ ಬಿಟ್ಟರು.

ಇಲ್ಲಿ ಯಾರಾದರೂ ಭಾಷೆಯ ಹೆಸರು ಎತ್ತಿದ್ದರೆ ಜಗಳ ಎಲ್ಲಿಗೋ ಹೋಗುತ್ತಿತ್ತು. ಒಬ್ಬಿಬ್ಬರು ಎತ್ತಲು ನೋಡಿದರು ಕೂಡ. ಭರಮು ಗುಂಪಿನಲ್ಲಿ ಒಂದೇ ದನಿ ಹಾಕಿದರು: "ಕನ್ನಡ ಮರಾಠಿ ಅನಬ್ಯಾಡ್ರಿ. ತಪ್ಪು ಭಾಷಾದ್ದಲ್ಲ, ನಂದು." ಆಮೇಲೆ ಯಾರೂ ಸೊಲ್ಲೆತ್ತಲಿಲ್ಲ.

ಹಂಗಾಮು ಮುಗಿದು ಮಳೆಗಾಲ ಬಂದಾಗ ಅವರು ಮೊದಲು ಮಾಡಿದ ಕೆಲಸ ಆ ಸಿನಿಮಾ ನೋಡಿದ್ದು. ಮರಾಠಿಯಲ್ಲಿ ಒಮ್ಮೆ, ಕನ್ನಡದಲ್ಲಿ ಒಮ್ಮೆ, ಮಾಯಾ ಜತೆ ಕುರಿಹಟ್ಟಿಯ ಕಟ್ಟೆಯ ಮೇಲೆ ಕೂತು. "ಅತ್ರಿ ಇವರು" ಎಂದು ಮಾಯಾ ಗುಟ್ಟು ಬಿಟ್ಟುಕೊಡುತ್ತಾರೆ. "ಕೋಳಿ ಸೀನಿಗೂ ಅತ್ರು. ಅದು ನಗೂ ಸೀನು."

ಎರಡನೆಯ ಕೆಲಸ ಮುರಗೆಪ್ಪನವರ ಗಾಣಕ್ಕೆ ಹೋಗಿ ಒಂದು ಪೆಂಟಿ ಬೆಲ್ಲ ಕೇಳಿದ್ದು. ಸಾವಕಾರರು ಯಾಕೆಂದು ಕೇಳಿ, ಕಾರಣ ತಿಳಿದು, ಇದ್ದುದರಲ್ಲೇ ಬಣ್ಣ ಚೆನ್ನಾಗಿದ್ದ ಪೆಂಟಿ ಆರಿಸಿಕೊಟ್ಟರು. ಅದನ್ನು ಹೆಗಲ ಮೇಲೆ ಹೊತ್ತು ಭರಮು ನಿಪ್ಪಾಣಿಯ ಬಸ್ಸು ಹತ್ತಿದರು. ಕಂಡಕ್ಟರು ಪೆಂಟಿಯ ಕಡೆ ಕಣ್ಣು ಹಾಯಿಸಿ ಇದಕ್ಕೂ ಟಿಕೆಟ್ ಬೇಕೆಂದ. ಭರಮು ಅವರ ಬಾಯಿಂದ ತಾನಾಗಿ ಬಂತು: "ಅದು ಸೀಟ ಕೇಳಂಗಿಲ್ರಿ, ನಿಂತಕೊಂಡ ಬರತೈತಿ." ಕಂಡಕ್ಟರು ಹೊಟ್ಟೆ ಹಿಡಿದು ನಕ್ಕ. ಅವನೂ ಆ ಸಿನಿಮಾ ನೋಡಿದ್ದ.

ಅಂಗಡಿಯಲ್ಲಿ ಸೀಮಾ ಮಾತ್ರ ನಗಲಿಲ್ಲ. ಮಷಿನ್ನಿನಿಂದ ತಲೆ ಎತ್ತದೆಯೇ, "ಒಂದ ತುಂಡ ತಂದೀರೋ, ಎರಡೋ ದಾದಾ?" ಎಂದರು. "ಒಂದ ಐತಿ ಸೀಮಕ್ಕಾ. ಇದು ಮುದುಕಿದು. ನಾ ಕಳಸಿದ್ರ ಮತ್ತ ಎಲ್ಲೆರ ತಪ್ಪತೈತಿ, ನೀನ ಕಳಸು" ಎಂದು ಭರಮು ಪೆಂಟಿಯನ್ನು ಕತ್ತರಿಸಿದ ಬಟ್ಟೆಗಳ ನಡುವೆ ಇಳಿಸಿದರು. ಸೀಮಾ ಚಹಾ ತರಿಸಿದರು. ಬೆಲ್ಲವನ್ನು ದಾರದ ಉಂಡೆಗಳ ಮೇಲಿನ ಹಲಗೆಗೆ ಏರಿಸಿ ಇಟ್ಟರು. ಹೊರಡುವಾಗ ಒಂದು ಮಾತು ಹೇಳಿದರು. "ಬೆಲ್ಲ ಇಟಗೋತೀನಿ. ಓಟಿನ ಮಾತ ಬ್ಯಾಡ."

ಈ ಹಂಗಾಮಿಗೆ ಭರಮು ತಮ್ಮ ಪದ್ಧತಿ ಬದಲಿಸಿದ್ದಾರೆ. ಹೊಸ ಚಿತ್ರ ಬರೆಯುವ ಮೊದಲು ಗುಂಪಿನಲ್ಲಿ ಡಂಗುರ ಹೊಡೆಯುತ್ತಾರೆ: "ಛತ್ರಿ ಅಂತ ಒಂದ ಬಂದೈತ್ರಿ. ಇದನ್ನ ಬ್ಯಾರೆ ಹೆಸರಲೆ ಯಾರರ ನೋಡಿದ್ರ ಈಗ ಹೇಳಿಬಿಡ್ರಿ. ಆಮ್ಯಾಲ ನನ್ನ ಮ್ಯಾಲ ಬರಬ್ಯಾಡ್ರಿ." ಎರಡು ಸಲ ಹೀಗೆ ಬೇರೆ ಹೆಸರಿನ ಒಂದೇ ಸಿನಿಮಾ ಸಿಕ್ಕಿಬಿದ್ದಿದೆ. ನಿಪ್ಪಾಣಿಗೂ ಗುಂಪಿಗೆ ಮರಳಿ ಸೇರುವ ಲಿಂಕ್ ಕಳಿಸಿದ್ದಾರೆ. ಅದನ್ನು ನೋಡಿದ ಗುರುತು ಬಂದಿದೆ, ಉತ್ತರ ಬಂದಿಲ್ಲ.

ಇಂದು ಹಂಗಾಮಿನ ಕೊನೆಯ ದಿನ. ಮಧ್ಯಾಹ್ನದ ಭೋಂಗಾ ಕೂಗುವುದರೊಳಗೆ ನಿಪ್ಪಾಣಿಯ ಓಟು ಬಾರದಿದ್ದರೆ ಗುಂಪು ಇನ್ನು ಎರಡೇ ಎಂದು ಎಲ್ಲರಿಗೂ ಗೊತ್ತಿದೆ. ಅವರು ಈ ವರ್ಷವೂ ಬರಲಿಲ್ಲವೆಂದರೆ ತಮ್ಮದೇ ಬೇರೆ ಗುಂಪು, ಬೇರೆ ಓಟು, ಬೇರೆ ಬಿಳಿ ಬಟ್ಟೆ ಮಾಡಿಕೊಳ್ಳುತ್ತಾರೆ. ಬಿಸಿಲೇರುತ್ತಿದೆ, ಸಾಲು ಕರಗುತ್ತಿದೆ. ಭರಮು ಹತ್ತಡಿ ಸರಿದಾಗಲೊಮ್ಮೆ ಫೋನು ನೋಡುತ್ತಾರೆ. ಚಾರ್ಜು ಇದೆಯೇ ಎಂದು ನೋಡುತ್ತಾರೆ, ಸಿಗ್ನಲ್ ಇದೆಯೇ ಎಂದು ನೋಡುತ್ತಾರೆ. ಎರಡೂ ಇವೆ.

ಹಿಂದಿನ ಟ್ರ್ಯಾಕ್ಟರಿನಿಂದ ಜಿನ್ನಪ್ಪ ಇಳಿದು ಬಂದು ಮಡ್‌ಗಾರ್ಡಿನ ಗೀರುಗಳನ್ನು ನೋಡುತ್ತಾರೆ. "ಲೇ ಭರಮ್ಯಾ, ಛತ್ರಿ ಗೆದ್ದದ್ದ ಐತಿ. ಬಂದಷ್ಟ ಎಣಿಸಿ ಮುಗಸೋ. ಬರಲಾರದಾವ್ರ ದಾರಿ ಎಷ್ಟ ಕಾಯತಿ?"

"ಭೋಂಗಾ ಆಗಲಿ."

"ಆದ ಮ್ಯಾಲ?"

ಭರಮು ಮತ್ತೆ ಫೋನು ನೋಡುತ್ತಾರೆ. ಸುಣ್ಣದ ಕಡ್ಡಿ ತಿರುಗಿಸುತ್ತ ಕೂರುತ್ತಾರೆ. ಜಿನ್ನಪ್ಪನವರಿಗೂ ಗೆಳೆಯನ ಮುಖ ನೋಡಿ ಕೆಡುಕೆನಿಸಿರಬೇಕು. ತಮ್ಮ ಚೀಲದಿಂದ ಶೇಂಗಾ ತೆಗೆದು ಅವರ ಕೈಗೆ ಸುರಿದು, ಪಕ್ಕದಲ್ಲೇ ಮಡ್‌ಗಾರ್ಡಿನ ಮೇಲೆ ಹತ್ತಿ ಕೂರುತ್ತಾರೆ. ಹೊರಸಿನ ಮೇಲೆ ಅವರು ಕೂತದ್ದರಿಂದ ಅದರ ಕೆಲವು ಗೀರುಗಳು ಅಳಿಸಿಹೋಗುತ್ತವೆ. ಇಬ್ಬರೂ ಅದಕ್ಕಾಗಿ ಸ್ವಲ್ಪ ಹೊತ್ತು ಜಗಳವಾಡುತ್ತಾರೆ.

ನಿಮಗೆ ಏನು ಆಸೆ ಎಂದು ಕೇಳಿದರೆ, ಸೊಂಟಕ್ಕೆ ಒಳ್ಳೆಯ ಸೀಟು ಎನ್ನುತ್ತಾರೇನೋ ಅಂದುಕೊಳ್ಳುತ್ತೇವೆ. ಭರಮು ಶೇಂಗಾದ ಸಿಪ್ಪೆ ಊದುತ್ತ ಹೇಳುವುದೇ ಬೇರೆ. "ಒಂದ ವರ್ಷ ನನಗೂ ಓಟ ಹಾಕೂದೈತ್ರಿ. ಎಲ್ಲಾರೂ ನನ್ನ ಕಿವ್ಯಾಗ ಸೀನ್ ಹೇಳತಾರ. ನನಗೂ ಯಾರದರ ಕಿವ್ಯಾಗ ಒಂದ ಹೇಳೂದೈತಿ. ನಮ್ಮಪ್ಪ ಹೇಳತಿದ್ನಲ್ರಿ, ಹಂಗ." ಹೇಳಿದ ಮೇಲೆ ನಾಚಿಕೆಯಾಗಿ, ಲೈನು ಸರಿಯಿತೇ ಎಂದು ಸುಮ್ಮನೆ ಎದ್ದು ನೋಡುತ್ತಾರೆ.

ಅವರ ಮುಂದೆ ಇನ್ನು ಒಂದೇ ಗಾಡಿ ಉಳಿದಿದ್ದಾಗ ಫೋನು ನಡುಗುತ್ತದೆ. ಸೀಮಾ ಗುಂಪಿಗೆ ಸೇರಿದ್ದಾರೆ. ಅವರ ಹಿಂದೆಯೇ ಒಬ್ಬೊಬ್ಬರಾಗಿ ನಿಪ್ಪಾಣಿಯ ಹೆಸರುಗಳು. ಜಿನ್ನಪ್ಪ ಮಡ್‌ಗಾರ್ಡಿನಿಂದ ಧುಮುಕುತ್ತಾರೆ. ಆಮೇಲೆ ಎಲ್ಲರೂ ಕೇಳುವಂತೆ ಗುಂಪಿನಲ್ಲೇ ಒಂದು ದನಿ ಬರುತ್ತದೆ, ಹಿನ್ನೆಲೆಯಲ್ಲಿ ಹೊಲಿಗೆ ಮಷಿನ್ನಿನ ಸದ್ದು. ಭರಮು ಇಯರ್‌ಫೋನಿನ ತಂತಿ ಕಿತ್ತು ಜೋರಾಗಿ ಹಾಕುತ್ತಾರೆ.

"ದಾದಾ, ನಮ್ಮ ಬಾಯಕಾ ಎಲ್ಲಾರೂ ಓಟ ಹಾಕತಾರ. ಆದ್ರ ಒಂದ ಮಾತು. ಈ ವರ್ಷ ಎಣಸೂದು ನಾನು. ಹೋದ ವರ್ಷ ನೀವು ತಪ್ಪಿದ್ರಿ, ಈಗ ತಪ್ಪೂ ಪಾಳಿ ನಂದು." ಹಿಂದಿನಿಂದ ಹೆಣ್ಣುಮಕ್ಕಳು ಕಿಸಕ್ಕನೆ ನಗುವುದು ಕೇಳಿಸುತ್ತದೆ. "ಅಂಗಡ್ಯಾಗಿನ ಬೆಲ್ಲ ಪ್ಯಾಕ್ ಮಾಡೀನಿ, ಮುದುಕಿ ಪಿಚ್ಚರದಾವ್ರಿಗಿ ಇವತ್ತ ಹೋಗತೈತಿ. ಮತ್ತ, ಎಣಸಾವ್ರು ಓಟ ಹಾಕಂಗಿಲ್ಲ ಅಂತ ರೂಲ್ ಮಾಡಿದಾವ್ರು ನೀವ. ಈಗ ನೀವು ಎಣಸಾಕತ್ತಿಲ್ಲ. ಹಂಗಾರ ಲಗು ಲಗು ಓಟ ಹಾಕ್ರಿ, ಭೋಂಗಾ ಆದೀತು."

ಭರಮು ಫೋನು ಕೈಯಲ್ಲಿ ಹಿಡಿದು ಹಾಗೇ ಕೂತಿದ್ದಾರೆ. ಜಿನ್ನಪ್ಪ ಬೆನ್ನಿಗೆ ತಟ್ಟಿದ ಮೇಲೆ ಎದ್ದು, ಮಡ್‌ಗಾರ್ಡಿನ ಫೋಟೊ ತೆಗೆದು, ಬಂದ ದನಿಗಳೆಲ್ಲವನ್ನೂ ಜಿನ್ನಪ್ಪನವರ ಸಹಾಯದಿಂದ ನಿಪ್ಪಾಣಿಗೆ ದಾಟಿಸುತ್ತಾರೆ. ಅಷ್ಟರಲ್ಲಿ ಅವರ ಪಾಳಿ ಬಂದು ಗಾಡಿ ಕಾಟಾ ಏರುತ್ತದೆ. ತೂಕದವನು ಕಿಟಕಿಯಿಂದ ಕೈ ಬೀಸುತ್ತಾನೆ, ಅಲ್ಲಾಡಬೇಡ ಎಂದು. ಅಲ್ಲಾಡದೆ, ಫೋನನ್ನು ಬಾ‌ಯಿಯ ಹತ್ತಿರ ತಂದು, ಇಷ್ಟು ವರ್ಷ ಜನರ ದನಿ ಕೇಳಿದ ಮನುಷ್ಯ ಮೊದಲ ಸಲ ತಾನು ಹೇಳಲು ಶುರುಮಾಡುತ್ತಾರೆ.

"ನಂದು ಈ ವರ್ಷ ನೋಡಿದ್ದು. ಒಬ್ಬ ಮುದುಕಿ ಬಸ್ ಹತ್ತತಾಳ್ರಿ. ಒಂದ ಬಗಲಾಗ ಕೋಳಿ, ಒಂದ ಬಗಲಾಗ ರೇಡಿಯೋ. ಕಂಡಕ್ಟರ್ ಕೋಳಿಗಿ ಟಿಕೀಟ್ ಕೇಳತಾನ, ರೇಡಿಯೋ ಅವಂಗ ಕಾಣಸಂಗಿಲ್ಲ. ನನಗೂ ಕಾಣಿಸಿರಲಿಲ್ಲ. ಆಕಿ ಪ್ಯಾಟಿಗಿ ಹೋಗಿ ಕೋಳಿ ಕೊಡತಾಳ, ರೇಡಿಯೋ ಹಾಡಸತಾಳ. ರಿಪೇರಿಯಾಂವ ಒಳಗ ತನ್ನ ರೇಡಿಯೋ ಇಟ್ಟಾನ ಅಂತ ಆಕಿಗಿ ಗೊತ್ತಿರತೈತ್ರಿ. ಗೊತ್ತಿದ್ದೂ ಸುಮ್ನ ನಗತಾಳ. ಅದ ನನ್ನ ಸೀನು. ಬರಬೇಕಾದ್ರ ಬಸ್ಸಿನ್ಯಾಗ..."

ಅಲ್ಲಿಗೆ ಕಾರ್ಖಾನೆಯ ಭೋಂಗಾ ಕೂಗುತ್ತದೆ. ಉಗಾರವೆಲ್ಲ ತುಂಬುವ ಆ ಸದ್ದಿನಲ್ಲಿ ಭರಮು ಅವರ ಕೊನೆಯ ಮಾತು ಮುಳುಗಿ, ಬೆರಳು ಜಾರಿ, ದನಿ ಗುಂಪಿಗೆ ಹೊರಟೇ ಹೋಗುತ್ತದೆ. ಕಾಟಾದ ಆಚೆಯಿಂದ ಜಿನ್ನಪ್ಪ ಕೈ ಮೇಲೆತ್ತಿ ಕುಣಿಯುತ್ತಾರೆ: "ಭೋಂಗಾ ಮೊದಲ ಆತು! ಸೀನ್ ಮುಗದಿಲ್ಲ! ಈ ಓಟ ನಡಿಯಂಗಿಲ್ಲ!" ಗುಂಪಿನಲ್ಲೂ ಅದೇ ಗದ್ದಲ. ಅಥಣಿಯಿಂದ ನಡೆಯುತ್ತದೆ ಎಂದರೆ ರಾಯಬಾಗದಿಂದ ನಡೆಯುವುದಿಲ್ಲ ಎನ್ನುತ್ತಾರೆ. ಹೊಸ ಚುನಾವಣಾ ಅಧಿಕಾರಿಯ ತೀರ್ಪಿಗೆ ಎಲ್ಲರೂ ಕಾಯುತ್ತಾರೆ.

ಸೀಮಾ ಅವರ ದನಿ ಬರುತ್ತದೆ, ಈ ಸಲ ಮಷಿನ್ನಿನ ಸದ್ದಿಲ್ಲ.

"ಭೋಂಗಾನೂ ಕೇಳಸ್ತು, ಕೋಳಿನೂ ಕೇಳಸ್ತು, ರೇಡಿಯೋನೂ ಕೇಳಸ್ತು. ಒಂದ ಪಿಚ್ಚರ, ಒಂದ ಓಟ. ಹಾಕ್ಕೊಂಡ್ನಿ ದಾದಾ. ಬಸ್ಸಿನ್ಯಾಗ ಏನಾತು ಅನ್ನೂದು ಸಂಜಿಕ ನಾವು ಬಂದಾಗ ನಮ್ಮ ಮುಂದ ಕುಂತ ಹೇಳ್ರಿ."

ಭರಮು ಗಾಡಿಯನ್ನು ಕಾಟಾದಿಂದ ಇಳಿಸಿ ಬೇವಿನ ಮರದ ನೆರಳಿಗೆ ತಂದು ನಿಲ್ಲಿಸುತ್ತಾರೆ. ಅವರ ಹಿಂದೆ ಈಗ ಜಿನ್ನಪ್ಪನವರದು ಬಿಟ್ಟರೆ ಬೇರೆ ಗಾಡಿಯಿಲ್ಲ. ಕಿತ್ತಿದ್ದ ತಂತಿಯನ್ನು ಮತ್ತೆ ಫೋನಿಗೆ ಸಿಕ್ಕಿಸಿ, ಈ ಸಲ ಎರಡೂ ಕಿವಿಗೆ ಇಟ್ಟುಕೊಂಡು, ಆ ದನಿಯನ್ನು ಮತ್ತೊಮ್ಮೆ ಮೊದಲಿನಿಂದ ಕೇಳುತ್ತಾರೆ.